ಕವಲಂದೆಯ ಆರು ಡಿಗ್ರಿ

1984ನೇ ಇಸವಿ. ಭೂಮಿಯಿಂದ ಮೇಲೇಳುವ ಇನ್‌ಫ್ರಾರೆಡ್ ವಿಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ಶಾಖವನ್ನು, ಉಪಗ್ರಹದಿಂದ ಅಳೆಯುವ ಯೋಜನೆಯಲ್ಲಿ ನಾನು ಕಿರಿಯ ವಿಜ್ಞಾನಿ. ಕಚೇರಿ ಮೈಸೂರಿನಲ್ಲಿತ್ತು. ಉಪಗ್ರಹ ಹಾದುಹೋಗುವ ಗಳಿಗೆಗೆ ಸರಿಯಾಗಿ ಕೆಳಗೊಬ್ಬ ನೆಲದ ಬಿಸಿಯನ್ನು ಅಳೆದು ಬರೆದಿಡಬೇಕು. ಇದಕ್ಕೆ ‘ಗ್ರೌಂಡ್ ಟ್ರೂತ್’, ಅಂದರೆ ನೆಲದ ನಿಜ, ಎನ್ನುತ್ತಿದ್ದೆವು.

ಕವಲಂದೆಯ ಹೊಲದಲ್ಲಿ ಮಹದೇವಪ್ಪ, ಟಿ. ನರಸೀಪುರದ ಹೊಳೆ ಬಯಲಿನಲ್ಲಿ ಕೇಶವಮೂರ್ತಿ. ಇಬ್ಬರೂ ಹಂಗಾಮಿ ನೌಕರರು. ಒಬ್ಬರನ್ನು ಮಾತ್ರ ಖಾಯಂ ಮಾಡಬಹುದಿತ್ತು. ಮಹದೇವಪ್ಪನಿಗೆ ಸರ್ಕಾರಿ ಕೆಲಸಕ್ಕೆ ಸೇರುವ ವಯಸ್ಸು ಮೀರಲು ಕೆಲವೇ ತಿಂಗಳು ಬಾಕಿ. ತಿಂಗಳ ಕೊನೆಗೆ ಇಬ್ಬರೂ ತಮ್ಮ ಅಳತೆಯ ಪಟ್ಟಿ ಕಳಿಸುತ್ತಿದ್ದರು. ಅವರಿಗೆ ಹುಮ್ಮಸ್ಸು ಬರಲೆಂದು ಉಪಗ್ರಹದ ಅಂಕಿಗಳನ್ನು ವಾರಕ್ಕೊಮ್ಮೆ ನಾನೇ ಅಂಚೆಯಲ್ಲಿ ಕಳಿಸುತ್ತಿದ್ದೆ. ಎಂಥಾ ಬುದ್ಧಿವಂತ ನೋಡಿ.

ಕೇಶವಮೂರ್ತಿಯ ಪಟ್ಟಿ ಉಪಗ್ರಹದ ಜೊತೆ ಪಕ್ಕಾ ತಾಳೆಯಾಗುತ್ತಿತ್ತು. ಮಹದೇವಪ್ಪನದು ಸದಾ ಐದಾರು ಡಿಗ್ರಿ ಹೆಚ್ಚು. ಅವನನ್ನು ಕಚೇರಿಗೆ ಕರೆಸಿ, ಎಲ್ಲರೆದುರು ಪಟ್ಟಿಯನ್ನು ಮುಖಕ್ಕೆ ಹಿಡಿದೆ.

“ಸುಳ್ಳು ಹೇಳ್ತಿರೋದು ಉಪಗ್ರಹವೋ, ನೀನೋ?”

“ಕಂಡಿದ್ದೇ ಬರ್ದಿವ್ನಿ ಸಾ. ನೆಲ ಅಷ್ಟು ಸುಡ್ತಿತ್ತು.”

ಎಲ್ಲರೂ ನಕ್ಕರು. ನನಗೂ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅಂದೇ ಅವನನ್ನು ತೆಗೆದುಹಾಕಿ, ಕೇಶವಮೂರ್ತಿಯನ್ನು ಖಾಯಂ ಮಾಡಲು ಶಿಫಾರಸು ಬರೆದೆ.

ಮರುವರ್ಷ ಟಿ. ನರಸೀಪುರಕ್ಕೆ ತಪಾಸಣೆಗೆ ಹೋದಾಗ ಅಳತೆಯ ಉಪಕರಣ ಪೆಟ್ಟಿಗೆಯಲ್ಲೇ ಇತ್ತು. ಬ್ಯಾಟರಿಯ ಸುತ್ತಿನ ಕಾಗದವನ್ನೂ ಬಿಚ್ಚಿರಲಿಲ್ಲ. ಕೇಶವಮೂರ್ತಿ ನಾನು ಅಂಚೆಯಲ್ಲಿ ಕಳಿಸಿದ ಅಂಕಿಗಳನ್ನೇ ನನಗೆ ವಾಪಸು ಕಳಿಸುತ್ತಿದ್ದ. ನೆಲಕ್ಕೂ ಉಪಗ್ರಹಕ್ಕೂ ನಡುವಿನ ತೇವದ ಗಾಳಿ ಶಾಖವನ್ನು ಒಂದಿಷ್ಟು ನುಂಗುವುದರಿಂದ ಉಪಗ್ರಹಕ್ಕೆ ನೆಲ ತಂಪಾಗಿ ಕಾಣಲೇಬೇಕು. ಎಷ್ಟು ತಂಪು ಎಂದು ತಿಳಿಯುವುದಕ್ಕೇ ಇಬ್ಬರನ್ನೂ ಬಿಸಿಲಲ್ಲಿ ನಿಲ್ಲಿಸಿದ್ದೆವು. ಓದಿದ್ದ ನಾನೇ ಅದನ್ನು ಮರೆತಿದ್ದೆ.

ಕವಲಂದೆಗೆ ಹೋದೆ. ಮಹದೇವಪ್ಪನ ವಯಸ್ಸು ಮೀರಿತ್ತು, ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಅವನು ಕೆಲಸ ಕೇಳಲೂ ಇಲ್ಲ.

“ನನ್ ಲೆಕ್ಕ ಸರಿಯಿತ್ತಾ ಸಾ?”

“ಸರಿಯಿತ್ತು.”

“ಅಷ್ಟನ್ನೇ ಒಂದು ಚೀಟೀಲಿ ಬರ್ಕೊಡಿ. ಊರೋರು ನನ್ನ ಸುಳ್ಳು ಲೆಕ್ಕ ಬರ್ದ ಕಳ್ಳ ಅಂತಾರೆ.”

ಬರೆದರೆ ನನ್ನ ತಪ್ಪು ಕಾಗದದ ಮೇಲೆ ಬರುತ್ತಿತ್ತು. ಮೇಲಿನವರನ್ನು ಕೇಳಿ ತಿಳಿಸುತ್ತೇನೆಂದು ಜೀಪು ಹತ್ತಿದೆ. ಯಾರನ್ನೂ ಕೇಳಲಿಲ್ಲ.

ಮಹದೇವಪ್ಪನ ಅಂಕಿಗಳಿಂದಲೇ ಉಪಗ್ರಹದ ಅಳತೆಯನ್ನು ತಿದ್ದುವ ಸೂತ್ರ ಕಟ್ಟಿ, ನನ್ನ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದೆ. ಅಂಕಿಗಳು ಪೂರ್ತಿ ತಾಳೆಯಾದರೆ ಮೊದಲು ಅನುಮಾನಪಡಬೇಕೆಂಬ ಪಾಠವನ್ನು ಆಮೇಲೆ ಎಷ್ಟೋ ಕಿರಿಯರಿಗೆ ಹೇಳಿಕೊಟ್ಟೆ, ಒಳ್ಳೆಯ ಮೇಷ್ಟ್ರು ಎನಿಸಿಕೊಂಡೆ. ಆ ಪಾಠ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅನುಭವದಿಂದ ಎಂದಷ್ಟೇ ಹೇಳಿದೆ. ಮಹದೇವಪ್ಪ ತೀರಿಕೊಂಡ ಸುದ್ದಿ ಬಂದ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಊರಿನ ಲೆಕ್ಕದಲ್ಲಿ ಅವನು ಕಳ್ಳನಾಗಿಯೇ ಸತ್ತ.