ಮೆಣಸಿನಕಾಯಿ ತೂರಿದ ದಿನ

ನಾರಾಯಣಪುರ ಅಣೆಕಟ್ಟಿನ ನೀರು ಕಾಲುವೆ ಹಿಡಿದು ನಮ್ಮ ಹೊಲದ ಬದುವಿಗೆ ಬಂದ ಮೊದಲ ವರ್ಷ, ಜೋಳ ಬಿಟ್ಟು ಮೆಣಸಿನಕಾಯಿ ಹಚ್ಚೋಣ ಎಂದು ನಮ್ಮವರ ಕಿವಿ ಕಚ್ಚಿದವಳು ನಾನೇ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ.

ಮಾವನವರು ಬೇಡ ಎನ್ನಲಿಲ್ಲ. ಮಗನನ್ನು ಕರೆದು, "ಕಾಲುವಿ ನೀರು ಕುಡದ ಬೆಳಿಗೆ ರುಚಿ ಎಲ್ಲಿರತೈತಿ? ಮೆಣಸಿನಕಾಯಿ ಅಂತ ಸಪ್ಪನ್ನ ಬೆಂಡಿಕಾಯಿ ಬೆಳಿತಿ ನೋಡು. ಒಂದ್ ವರ್ಷ ಬಿಡತೀನಿ, ಆಮ್ಯಾಲ ಜ್ವಾಳನ" ಎಂದರು. ಅತ್ತೆಯ ಮಾತು ಇನ್ನೂ ನೇರ: "ಸೊಸಿ ಬಂದಳು, ಹೊಲ ಕೆಡಿಸಿದಳು ಅಂತ ಊರಾಗ ಅನಿಸ್ಕೊಬ್ಯಾಡವ್ವ." ಅಂದಿನಿಂದ ನನಗೆ ಊಟ ಸೇರಲಿಲ್ಲ.

ಕಾಯಿ ಬಂತು, ಹಣ್ಣಾಯಿತು, ಬಿಡಿಸಿದೆವು. ಕಣದಲ್ಲಿ ಹರವಿ, ದಿನಾ ಕೈಯಾಡಿಸಿ ಒಣಗಿಸಿದೆವು. ಅಲ್ಲಿಯ ತನಕ ಎಲ್ಲ ಸರಿ. ಮುಂದೇನು ಮಾಡಬೇಕೆಂಬುದು ಆ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಜೋಳದ ಮಂದಿ. ಕಣದಲ್ಲಿ ಏನೇ ಬಿದ್ದಿರಲಿ, ತೂರದೆ ತಂದರೆ ಲಕ್ಷ್ಮಿ ಹೊಸ್ತಿಲು ದಾಟುವುದಿಲ್ಲ ಎಂಬುದು ಅತ್ತೆಯ ನಂಬಿಕೆ.

ಒಣಕಾಯಿಯ ಜೊತೆ ಮುರಿದ ತೊಟ್ಟು, ಉದುರಿದ ಬೀಜ, ಎಲೆಪುಡಿ ಸೇರಿತ್ತು. "ಕೈಲೆ ಆರಿಸೋಣೇನ್ರಿ?" ಎಂದೆ.

"ಇಷ್ಟು ರಾಶಿ ಆರಿಸ್ಕೋತ ಕುಂತ್ರ ಯುಗಾದಿ ಬರತೈತಿ. ಗಾಳಿ ಚಲೋ ಐತಿ, ತೂರತೀನಿ" ಎಂದು ನಮ್ಮವರು ಮೊರ ತುಂಬಿಕೊಂಡು ಬಂಡಿ ಹತ್ತಿ ನಿಂತರು. ಗಾಳಿ ನಿಜಕ್ಕೂ ಚೆನ್ನಾಗಿತ್ತು. ಊರ ಕಡೆಗಿತ್ತು.

ಮೊದಲು ಎತ್ತು ಸೀನಿತು. ಆಮೇಲೆ ನಮ್ಮವರು. ಸೀನಿನ ರಭಸಕ್ಕೆ ಎರಡನೆಯ ಮೊರವೂ ಕೈಜಾರಿ ಗಾಳಿಪಾಲಾಯಿತು. ಪಕ್ಕದೂರು ಕೊಡೇಕಲ್ಲಿಗೆ ನಡೆದು ಹೊರಟಿದ್ದವರು ಸೆರಗು, ಟವೆಲ್ಲು ಮೂಗಿಗೆ ಹಿಡಿದು ದಾರಿಯಲ್ಲೇ ನಿಂತರು. "ಯಾರಿಗ್ರಿ ಇಷ್ಟು ದೊಡ್ಡ ದೃಷ್ಟಿ ಆಗೈತಿ?" ಎಂದು ಒಬ್ಬಾಕೆ ಕೆಮ್ಮುತ್ತಲೇ ಕೇಳಿದಳು. ಓಣಿಯ ಮಂದಿ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಬೈಯತೊಡಗಿದರು. ಯಾವ ಬೈಗುಳವೂ ಪೂರ್ತಿಯಾಗಲಿಲ್ಲ, ನಡುವೆ ಕೆಮ್ಮು ಬರುತ್ತಿತ್ತು. ಅದೊಂದೇ ನಮ್ಮ ಪುಣ್ಯ.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಎಲ್ಲರ ಕಣ್ಣಲ್ಲೂ ನೀರಿದ್ದುದರಿಂದ ನನ್ನದು ಯಾರಿಗೂ ತಿಳಿಯಲಿಲ್ಲ. ಇನ್ನು ಈ ಮನೆಯಲ್ಲಿ ಮೆಣಸಿನಕಾಯಿಯ ಹೆಸರೆತ್ತುವ ಹಾಗಿಲ್ಲ, ನನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇರುವುದಿಲ್ಲ ಎಂದುಕೊಂಡೆ. ಬಂಡಿಯ ಮೇಲೆ ನಿಂತ ಆ ಮನುಷ್ಯನ ಮೇಲೆ ಸಿಟ್ಟೂ ಬಂತು.

ಅಷ್ಟರಲ್ಲಿ ಮಾವನವರು ಧೋತರದ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತ ಕಣಕ್ಕೆ ಬಂದರು. ಕಣ್ಣು ಕೆಂಡದಂತಿದ್ದವು. ನಮ್ಮವರು ಮೆಲ್ಲಗೆ ಇಳಿದು ಬಂಡಿಯ ಹಿಂದೆ ಸರಿದರು. ಮಾವ ಒಂದು ಕಾಯಿ ಮುರಿದು ನಾಲಿಗೆಗೆ ಹಚ್ಚಿದರು. ಕೊಡವನ್ನೇ ಎತ್ತಿ ಗಟಗಟ ನೀರು ಕುಡಿದು, ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಮುಂದಿನ ವರ್ಷನೂ ಇದನ್ನ ಹಚ್ಚಸವ್ವ. ಕಣಕ್ಕ ಮಾತ್ರ ನನ್ನ ಮಗನ್ನ ಬಿಡಬ್ಯಾಡ."