ನೀರು ಇಳಿಯುವವರೆಗೆ

ಇವತ್ತು ಬೆಳಿಗ್ಗೆ ಮೊಮ್ಮಗಳು ನಿಶಾ ಒಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಂದು ನನ್ನ ಬಿಸ್ಕತ್ತಿನ ಡಬ್ಬಿಯೊಳಗೆ ತುರುಕಿದಳು. ಡಬ್ಬಿಯಲ್ಲಿ ಈಗ ಬಿಸ್ಕತ್ತಿಲ್ಲ, ಒಣಮೆಣಸು ಇದೆ. ಮುಚ್ಚಳದ ಮೇಲೆ ಕಡಲ ಬದಿಯ ಕೋಟೆಯೂರಿನ ಚಿತ್ರ, ಅರ್ಧ ತುಕ್ಕು ತಿಂದಿದೆ.

"ಮ್ಯಾತ್ಸಲ್ಲಿ ಫೇಲ್ ಅಜ್ಜಿ. ಅಮ್ಮನಿಗೆ ಹೇಳ್ಬೇಡ, ಪ್ಲೀಸ್."

ಹೂಂ ಎಂದುಬಿಟ್ಟೆ. ಆಮೇಲೆ ಮುಚ್ಚಳ ಕಣ್ಣಿಗೆ ಬಿತ್ತು. ಕೂತಲ್ಲಿ ಕೂರಲಾಗಲಿಲ್ಲ.

ಆ ಊರಿನ ಹೆಸರು ಸಾಂ ಮಾಲೊ, ಫ್ರಾನ್ಸಿನಲ್ಲಿದೆ. ನಾಲ್ಕನೇ ಕ್ಲಾಸು ಓದಿದ ಮುದುಕಿಗೆ ಫ್ರಾನ್ಸಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕೆಲಸವೇನಿಲ್ಲ, ರೈಲು. ನಿಶಾ ಹುಟ್ಟಿದ್ದು ಮಸ್ಕತ್ತಿನಲ್ಲಿ, ಇಲ್ಲಿ ರೈಲಿಲ್ಲ. ಬರುತ್ತದೆ ಬರುತ್ತದೆ ಎನ್ನುತ್ತಿದ್ದರು, ಎಣ್ಣೆಯ ಬೆಲೆ ಬಿದ್ದದ್ದೇ ಆ ಮಾತೂ ನಿಂತಿತು. ಊರಿಗೆ ಹೋದರೆ ವಿಮಾನ, ಇಳಿದರೆ ಟ್ಯಾಕ್ಸಿ. ಆಗ ಅವಳಿಗೆ ಎಂಟು ವರ್ಷ. ಅಷ್ಟಾದರೂ ಮಗು ರೈಲು ಹತ್ತಿಲ್ಲ ಎಂದು ಅಳಿಯ ಆರು ತಿಂಗಳು ಮೊದಲೇ ಫ್ರಾನ್ಸಿನ ಟೂರಿಗೆ ಟಿಕೆಟ್ ಮಾಡಿಸಿದ್ದ.

ಹೊರಡಲು ವಾರವಿತ್ತು. ಅಳಿಯನ ಜೊತೆ ಮತ್ರಾದ ಮಾರ್ಕೆಟ್ಟಿಗೆ ಹೋಗಿ ಮೀನು ಕೊಂಡು ಕಾರಿನ ಡಿಕ್ಕಿ ತೆರೆದೆ. ಒಳಗೆ ರಟ್ಟಿನ ಪೆಟ್ಟಿಗೆ. ಅದರಲ್ಲಿ ಅಳಿಯನ ಆಫೀಸಿನ ಚಹಾ ಲೋಟ, ಕ್ಯಾಲೆಂಡರ್, ಮೇಜಿನ ಮೇಲಿನ ಪುಟ್ಟ ಗಣಪತಿ. ಮೇಜಿನ ಗಣಪತಿಯನ್ನು ಯಾರೂ ಸುಮ್ಮನೆ ಮನೆಗೆ ತರುವುದಿಲ್ಲ. ಅಳಿಯನ ಮುಖ ನೋಡಿದೆ.

"ಕೆಲಸದಿಂದ ತೆಗೆಯೋರ ಲಿಸ್ಟಲ್ಲಿ ನನ್ನ ಹೆಸರೂ ಬಂತು ಅತ್ತೆ. ಖಲಾಸ್. ವೀಣಾಗೆ ಈಗ್ಲೇ ಹೇಳ್ಬೇಡಿ. ಟೂರ್ ಮುಗಿಸ್ಕೊಂಡು ಬಂದ್ಮೇಲೆ ನಾನೇ ಹೇಳ್ತೀನಿ."

ಮಗಳಿಂದ ಮುಚ್ಚಿಡುವ ಮಾತು, ಆಗಲೂ ಹೂಂ ಎಂದೆ. ಮರುದಿನವೂ ಅವನು ಟೈ ಕಟ್ಟಿಕೊಂಡು ಹೊರಟ. ಹಗಲೆಲ್ಲ ಎಲ್ಲಿ ಕೂರುತ್ತಿದ್ದನೋ, ಖುರುಮಿನ ಕಡಲ ಬದಿಯಲ್ಲಿ ಕಾರಿನೊಳಗೆ ಇರಬೇಕು. ನಾನು ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ.

ಹತ್ತು ದಿನ ಪ್ಯಾರಿಸು ಸುತ್ತಿದೆವು, ಕೊನೆಗೆ ಅಲ್ಲಿಂದ ಸಾಂ ಮಾಲೊಗೆ ಮೂರು ಗಂಟೆ ರೈಲು. ನಿಶಾಳಿಗೆ ಹತ್ತು ನಿಮಿಷದಲ್ಲೇ ಬೇಜಾರು. "ಇದು ಸೌಂಡೇ ಮಾಡಲ್ಲ, ಫ್ಲೈಟ್ ತರಾನೇ." ಎದುರು ಸೀಟಿನಲ್ಲಿ ಅಳಿಯನ ಕಾಲು ನಡುಗುತ್ತಲೇ ಇತ್ತು. ನನ್ನ ಮೊಣಕಾಲಿಗೆ ತಾಗಿ ತಾಗಿ ಸಾಕಾಗಿ, ನಾನೇ ಎದ್ದು ಬೇರೆ ಸೀಟಿಗೆ ಹೋದೆ.

ಸಾಂ ಮಾಲೊದ ಸುತ್ತ ಎತ್ತರದ ಕಲ್ಲಿನ ಗೋಡೆ. ಹಿಂದೆ ಅರಸನ ಅಪ್ಪಣೆ ಪಡೆದು ಹಡಗು ದೋಚುತ್ತಿದ್ದವರ ಊರಂತೆ. ಇಳಿತದಲ್ಲಿ ಕಡಲು ಎಲ್ಲಿಗೋ ಓಡಿಹೋಗುತ್ತದೆ, ಎದುರಿನ ದ್ವೀಪಕ್ಕೆ ಕಲ್ಲುಹಾಸಿನ ದಾರಿ ಏಳುತ್ತದೆ. ದಾರಿಯ ಬಾಯಲ್ಲಿ ಬೋರ್ಡು.

"ಡೇಂಜರ್ ಅಂತೆ ಅಜ್ಜಿ. ನೀರು ಬಂದ್ರೆ ವಾಪಸ್ ದಾಟ್ಬಾರ್ದಂತೆ."

"ಬೋರ್ಡು ಓದಿ ಕಡಲು ಬರ್ತದಾ? ನಾನು ಮಲ್ಪೆಯವಳು. ಇನ್ನೂ ಎರಡು ಗಂಟೆ ಉಂಟು, ನಡಿ."

ನಮ್ಮ ಕಡಲು ಆಳುದ್ದ ಏರಿದರೆ ಹೆಚ್ಚು. ಅಲ್ಲಿಯದು ಮೂರು ಮಹಡಿ ಎತ್ತರ ಏರುತ್ತದೆಂದು ನನಗೇನು ಗೊತ್ತು? ದ್ವೀಪ ಸುತ್ತಿ ಬರುವಷ್ಟರಲ್ಲಿ ದಾರಿಯೇ ಇರಲಿಲ್ಲ. ಬಂಡೆಯ ಮೇಲೆ ನಾವು ನಾಲ್ವರು, ಸುತ್ತ ಹಸಿರು ನೀರು. ಅದು ಇಳಿಯಲು ಇನ್ನೂ ಆರು ಗಂಟೆ ಕಾಯಬೇಕು.

"ಬಂದಳು ಮಲ್ಪೆಯ ಪಂಡಿತೆ!" ಎಂದಳು ಮಗಳು. ಆಮೇಲೆ ಗಂಡನಿಗೆ, "ಐದು ಗಂಟೆಯ ರೈಲು ಹೋಯ್ತು, ನಾಳೆ ಬೆಳಿಗ್ಗೆಯ ಫ್ಲೈಟೂ ಹೋಯ್ತು. ಆಫೀಸಿಗೆ ಫೋನ್ ಮಾಡಿ, ಡ್ಯೂಟಿಗೆ ಲೇಟ್ ಆಗ್ತದೆ ಅಂತ ಹೇಳಿ."

"ಸಿಗ್ನಲ್ ಇಲ್ಲ."

"ನನ್ನದರಲ್ಲಿ ಉಂಟು. ತಗೊಳ್ಳಿ."

ಫೋನು ಹಿಡಿದು ಅವನು ಬಂಡೆಯ ತುದಿಗೆ ಹೋದ, ಬಂದ, ಮತ್ತೆ ಹೋದ. ಹೋಗಲು ಜಾಗವಾದರೂ ಎಲ್ಲಿ? ಕೊನೆಗೆ ಅವನು ಬಂದು ಫೋನನ್ನು ಅವಳ ಕೈಗೇ ಇಟ್ಟ.

"ಯಾರಿಗೆ ಹೇಳ್ಲಿ ವೀಣಾ? ಅಲ್ಲಿ ನನ್ನ ಸೀಟೇ ಇಲ್ಲ."

"ಎಷ್ಟು ದಿನ ಆಯ್ತು?"

"ಹದಿನೆಂಟು."

ಅವಳು ಅವನನ್ನು ಬೈಯಲಿಲ್ಲ. ತಿರುಗಿದ್ದು ನನ್ನ ಕಡೆಗೆ. "ನಿನಗೆ ಗೊತ್ತಿತ್ತು ಅಲ್ವಾ ಅಮ್ಮ? ನಾನು ದಿನಾ ಟೈಗೆ ಇಸ್ತ್ರಿ ಹಾಕಿ ಕೊಡ್ತಾ ಇದ್ದೆ. ನೀನು ಚಹಾ ಕುಡೀತಾ ನೋಡ್ತಾ ಕೂತಿದ್ದೆ."

ನಾನು ಎದ್ದು ಬಂಡೆಯ ಆಚೆ ತುದಿಗೆ ಹೋಗಿ ಕೂತೆ.

ನೀರು ಇಳಿಯುವಷ್ಟರಲ್ಲಿ ಗಂಡ ಹೆಂಡತಿ ಖುರುಮಿನ ಮನೆ ಬಿಟ್ಟು ಬಾಡಿಗೆ ಕಡಿಮೆಯಿರುವ ವಾದಿ ಕಬೀರಿಗೆ ಹೋಗುವ ಮಾತಾಡುತ್ತಿದ್ದರು. ನನ್ನೊಡನೆ ಮಾತಿಲ್ಲ. ಮರುದಿನ ಸ್ಟೇಷನ್ನಿನಲ್ಲಿ ವೀಣಾ ಈ ಡಬ್ಬಿ ಕೊಂಡು, ನನ್ನ ಮುಖ ನೋಡದೆ ನನ್ನ ಮಡಿಲಲ್ಲಿಟ್ಟಳು. ಆಮೇಲೆ ಎಂಟು ತಿಂಗಳು ಅಲೆದ ಮೇಲೆ ಅಳಿಯನಿಗೆ ಕೆಲಸ, ವೀಸಾ ಕೊಡುವ ಹೊಸ ಕಫೀಲ್ ಸಿಕ್ಕಿದ. ಗ್ಯಾರೇಜುಗಳ ಸದ್ದಿನ ನಡುವಿನ ಈ ಎರಡು ಕೋಣೆಯ ಮನೆಯಲ್ಲೇ ನಿಶಾ ನನಗಿಂತ ಎತ್ತರ ಬೆಳೆದಳು.

ಅವಳನ್ನು ಕರೆದೆ. "ಡಬ್ಬಿಯಿಂದ ಅದನ್ನು ತೆಗೆ. ನಿನ್ನಮ್ಮ ಸ್ನಾನಕ್ಕೆ ಹೋಗಿದ್ದಾಳೆ. ಬಂದ ಕೂಡಲೇ ನೀನೇ ಹೇಳು."

"ಹೂಂ ಅಂದಿದ್ದೆ ನೀನು!"

"ಅಂದೆ. ತಪ್ಪಾಯ್ತು."

"ಹೇಳ್ದಿದ್ರೆ?"

"ನಾನು ಹೇಳ್ತೇನೆ."

ಕಣ್ಣು ಕೆಕ್ಕರಿಸಿದಳು. ಕಾಗದ ತೆಗೆದು ಮೆಣಸಿನ ಧೂಳು ಕೊಡವಿ, ಒಂದು ಸೀನು ಸೀನಿ, ಸೋಫಾದಲ್ಲಿ ನನ್ನ ಪಕ್ಕ ಕೂತಳು. ಕಾಲು ನಡುಗತೊಡಗಿತು. ಥೇಟ್ ಅಪ್ಪನ ಕಾಲು. ನನ್ನ ಮೊಣಕಾಲಿಗೆ ತಾಗಿತು, ಮತ್ತೆ ತಾಗಿತು. ಈ ಸಲ ನಾನು ಎದ್ದು ಹೋಗಲಿಲ್ಲ.

ಒಳಗೆ ನಲ್ಲಿಯ ಸದ್ದು ನಿಂತಿತು.