ಟೈಲರ್ ಅಕ್ಕನ ನೂರು ಕಿಲೋಮೀಟರ್

ಟೈಲರ್ ಅಕ್ಕ ಮೂವತ್ತು ವರ್ಷದಿಂದ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತವಳು. ಪಕ್ಕದ ಇಸ್ತ್ರಿ ಅಂಗಡಿ ನನ್ನದು. ಅವಳು ಹೊಲಿದದ್ದರ ಸುಕ್ಕು ತೆಗೆಯುವುದು ನನ್ನ ಕೆಲಸ; ಅವಳ ಗಂಡನ ನಾಲಿಗೆಯನ್ನು ನೆಟ್ಟಗೆ ಮಾಡುವುದು ಮಾತ್ರ ನನ್ನಿಂದಾಗಲಿಲ್ಲ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಭಾವ ಬಂದವರೆದುರು ಹೇಳುವುದು ಒಂದೇ: "ಲಕ್ಷ ಮೈಲಿ ತುಳಿದಿದಾಳೆ ಪಾಪ, ಇನ್ನೂ ಈ ಬಾಗಿಲು ದಾಟಿಲ್ಲ."

ಅಂಥ ಅಕ್ಕ ಐವತ್ತೆರಡನೇ ವಯಸ್ಸಿನಲ್ಲಿ ಸೈಕಲ್ ಕೊಂಡಾಗ ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಊರಾಚೆಯ ಬೋಳು ಗುಡ್ಡದಲ್ಲಿ ಮೊದಲಿದ್ದ ಜಾತಿಯ ಮರಗಳನ್ನೇ ಮತ್ತೆ ಬೆಳೆಸಲು ಹಣ ಕೂಡಿಸುವ ಸೈಕಲ್ ಸವಾಲೊಂದಕ್ಕೆ ಅವಳು ಹೆಸರು ಕೊಟ್ಟಿದ್ದಳು. ಸೂರ್ಯ ಮುಳುಗುವುದರೊಳಗೆ ನೂರು ಕಿಲೋಮೀಟರ್ ಮುಗಿಸಬೇಕು. ಬೇಕಾದರೆ ಸೈಕಲ್ ತಳ್ಳಿಕೊಂಡು ನಡೆಯಬಹುದು, ಇನ್ನೊಬ್ಬರು ಮುಟ್ಟುವಂತಿಲ್ಲ. ಮುಗಿಸಿದರೆ ಮಾತ್ರ ಮಾತು ಕೊಟ್ಟವರು ಹಣ ಕೊಡಬೇಕು. ಐವತ್ತು ಗಿಡದ ಖರ್ಚು ನನ್ನದೆಂದು ಧಾರಾಳವಾಗಿ ಬರೆಸಿದೆ. ಅಕ್ಕ ಹತ್ತು ಕಿಲೋಮೀಟರೂ ಹೋಗಲಾರಳು ಎಂಬ ಧೈರ್ಯ, ಸುಳ್ಳೇಕೆ ಹೇಳಲಿ.

"ಈ ವಯಸ್ಸಲ್ಲಿ ಯಾಕಕ್ಕಾ?" ಎಂದು ಕೇಳಿದ್ದೆ.

ಅವಳು ಹಲ್ಲಿನಲ್ಲಿ ದಾರ ಕಡಿದು ಹೇಳಿದಳು: "ಚಿಕ್ಕವಳಿದ್ದಾಗ ಅಮ್ಮನ ಜೊತೆ ಸೌದೆಗೆ ಹೋಗ್ತಿದ್ದೆ. ಅಲ್ಲಿದ್ದ ಕೊನೇ ಮರ ಕಡಿದಿದ್ದು ನಾವೇ ಕಣೋ. ಒಲೆ ಉರೀಬೇಕಿತ್ತಲ್ಲ."

ಆ ದಿನ ಭಾವ ನೀರು ಕಟ್ಟಿಕೊಂಡು ಸ್ಕೂಟರಿನಲ್ಲಿ ಹಿಂದೆಯೇ ಹೊರಟರು, ಅವರ ಹಿಂದಿನ ಸೀಟಿನಲ್ಲಿ ನಾನು. ಅಕ್ಕ ನಾಳೆಯೇ ಕೊಡಬೇಕಾದ ಬಟ್ಟೆ ಹೊಲಿಯುವವಳಂತೆ ತಲೆ ತಗ್ಗಿಸಿ ಒಂದೇ ಸಮನೆ ತುಳಿದಳು. ಎಪ್ಪತ್ತು ದಾಟುವಾಗ ಭಾವನ ತಮಾಷೆ ನಿಂತುಹೋಗಿತ್ತು.

ತೊಂಬತ್ತೈದರಲ್ಲಿ ಒಂದು ಇಳಿಜಾರು, ಕೆಳಗೆ ತಿರುವು. ಹೊಲಿಗೆ ಯಂತ್ರ ನಿಲ್ಲಿಸಬೇಕಾದರೆ ಅದರ ಬಲಗಡೆಯ ಗಾಲಿಯ ಮೇಲೆ ಅಂಗೈ ಇಡಬೇಕು. ದಣಿದ ಅಕ್ಕನ ಬಲಗೈ ಬ್ರೇಕನ್ನು ಬಿಟ್ಟು, ಅಲ್ಲಿಲ್ಲದ ಆ ಗಾಲಿಯನ್ನು ಹುಡುಕಿಕೊಂಡು ಹೋಯಿತು. ಸೈಕಲ್ಲೂ ಅಕ್ಕನೂ ಚರಂಡಿಗೆ ಬಿದ್ದರು.

ಮಂಡಿ ಒಡೆದು ರಕ್ತ ಸುರಿಯುತ್ತಿತ್ತು. ಸೊಟ್ಟಗಾದ ಮುಂದಿನ ಚಕ್ರ ಏನು ಮಾಡಿದರೂ ತಿರುಗದು. ಅಕ್ಕ ಹ್ಯಾಂಡಲ್ ಎತ್ತಿ ಹಿಡಿದು ಹಿಂದಿನ ಚಕ್ರದ ಮೇಲೆಯೇ ಸೈಕಲ್ ತಳ್ಳತೊಡಗಿದಳು. ಭಾವ ಓಡಿ ಹೋದರು.

"ಬಿಡೇ, ನಾನ್ ತಳ್ತೀನಿ."

"ಮುಟ್ಬೇಡ್ರೀ! ನೀವು ಮುಟ್ಟಿದ್ರೆ ಅಷ್ಟೂ ಗಿಡ ಹೋಯ್ತು."

ಭಾವ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. ಹಾಗೆಯೇ ಐದು ಕಿಲೋಮೀಟರ್ ಅವಳ ಪಕ್ಕದಲ್ಲಿ ನಡೆದರು. ಕಣ್ಣೊರೆಸಿಕೊಳ್ಳಲೂ ಕೈ ಬಿಚ್ಚಲಿಲ್ಲ. ಹಿಂದೆ ಸ್ಕೂಟರ್ ತಳ್ಳುತ್ತಿದ್ದ ನನಗೂ ಅಳು ಬಂತು. ಅಕ್ಕ ಗೆರೆ ದಾಟಿದಾಗ ಸೂರ್ಯ ಉಗುರಿನಷ್ಟು ಉಳಿದಿದ್ದ.

ಎರಡು ತಿಂಗಳಲ್ಲಿ, ನನ್ನ ಐವತ್ತೂ ಸೇರಿ, ಗಿಡಗಳು ಗುಡ್ಡ ಹತ್ತಿದವು. ಅಕ್ಕ ಕುಂಟುತ್ತಲೇ ಅತ್ತಿತ್ತ ಹುಡುಕಿ ಒಂದು ಬಂಡೆಯ ಪಕ್ಕ ನಿಂತಳು. "ಇಲ್ಲೇ ಇತ್ತು" ಎಂದು ಗುಂಡಿ ತೋಡಿ ಗಿಡ ಇಳಿಸಿದಳು. ಭಾವ ಎದುರಿಗೆ ಬಂದು ಕುಕ್ಕುರುಗಾಲಲ್ಲಿ ಕೂತರು. ಕೈಯನ್ನು ಅವತ್ತಿನಂತೆಯೇ ಹಿಂದಕ್ಕೆ ಕಟ್ಟಿಕೊಂಡಿದ್ದರು.

"ಈಗ ಮುಟ್ಬಹುದೇನೇ?"

"ಹಿಡ್ಕೊಳ್ಳಿ" ಎಂದಳು ಅಕ್ಕ. "ನೆಟ್ಟಗೆ ಇರ್ಲಿ. ನಾನು ಮಣ್ಣು ಹಾಕ್ತೀನಿ."